ಔಷಧಿ ಹೊಡೆಯದೆ ಬಿಟ್ಟ ಸಾಲು: ಆರೋಗ್ಯದ ಸುದ್ದಿಯನ್ನು ಪರೀಕ್ಷಿಸುವ ಬಗೆ

ಮೂಡಿಗೆರೆಯ ಕಡೆ ಕಾಫಿ ಬೆಳೆಯುವ ಯಾರನ್ನಾದರೂ ಹೊಸದಾಗಿ ಬಂದ ಗೊಬ್ಬರವೊಂದರ ಬಗ್ಗೆ ಕೇಳಿ ನೋಡಿ. ಅಂಗಡಿಯವರು ಹೇಳಿದ್ದನ್ನು ಅವರು ಪೂರ್ತಿ ನಂಬುವುದಿಲ್ಲ, ಪೂರ್ತಿ ತಳ್ಳಿಹಾಕುವುದೂ ಇಲ್ಲ. ತೋಟದ ಒಂದು ಪಟ್ಟೆಗೆ ಹಾಕಿ, ಪಕ್ಕದ ಪಟ್ಟೆಯನ್ನು ಹಾಗೆಯೇ ಬಿಟ್ಟು, ಹೂ ಮಳೆ ಎರಡಕ್ಕೂ ಒಂದೇ ರೀತಿ ಬಿದ್ದಿತೇ, ನೆರಳು ಎರಡರಲ್ಲೂ ಸಮನಾಗಿತ್ತೇ ಎಂದು ವಿಚಾರ ಮಾಡಿ, ಕೊಯ್ಲಿನ ಹೊತ್ತಿಗೆ ಎರಡರ ಹಣ್ಣನ್ನೂ ಬೇರೆ ಬೇರೆಯಾಗಿ ತೂಗಿ, ಆಮೇಲೆ ಮಾತನಾಡುತ್ತಾರೆ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ 1925ರಿಂದ ನಡೆದುಬಂದಿರುವ ಪ್ರಯೋಗಗಳ ತಿರುಳೂ ಇದೇ. ಅಲ್ಲಿ ಲೆಕ್ಕ ಹೆಚ್ಚು ಕಟ್ಟುನಿಟ್ಟು, ಅಷ್ಟೇ. ಆದರೆ ಅದೇ ಬೆಳೆಗಾರರ ಮೊಬೈಲಿಗೆ, ಇಂಥ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಮೂರು ತಿಂಗಳಲ್ಲಿ ಹೋಗುತ್ತದೆ ಎಂಬ ಸಂದೇಶ ಬಂದಾಗ, ಔಷಧಿ ಹೊಡೆಯದೆ ಬಿಟ್ಟ ಸಾಲು ಎಲ್ಲಿದೆ ಎಂದು ಕೇಳುವುದು ಮರೆತುಹೋಗುತ್ತದೆ.

ನಾನು ವೈದ್ಯನಲ್ಲ. ಪದವಿಪೂರ್ವ ಕಾಲೇಜಿನಲ್ಲಿ ಬಹಳ ವರ್ಷ ಸಂಖ್ಯಾಶಾಸ್ತ್ರ ಪಾಠ ಮಾಡಿದವನು, ಮನೆಯಲ್ಲಿ ಒಂದಿಷ್ಟು ಕಾಫಿ, ಒಂದಿಷ್ಟು ಅಡಿಕೆ ಇರುವವನು. ಆದ್ದರಿಂದ ಯಾವ ಕಾಯಿಲೆಗೆ ಯಾವ ಮದ್ದು ಎಂದು ಇಲ್ಲಿ ಹೇಳುವುದಿಲ್ಲ. ಮನುಷ್ಯರ ಆರೋಗ್ಯದ ಬಗ್ಗೆ ಸಂಶೋಧನೆಯ ಹೆಸರಿನಲ್ಲಿ ಬರುವ ಮಾತನ್ನು, ತೋಟದಲ್ಲಿ ನಾವು ಈಗಾಗಲೇ ಬಳಸುತ್ತಿರುವ ಬುದ್ಧಿಯಿಂದಲೇ ಹೇಗೆ ತೂಗಿ ನೋಡಬಹುದು ಎಂಬುದಷ್ಟೇ ಈ ಬರಹದ ವಿಷಯ.

ಮಾತನ್ನು ಪ್ರಶ್ನೆಯಾಗಿಸುವುದು

ಒಂದು ಬಿಳಿ ಹಾಳೆಯನ್ನು ತೆಗೆದುಕೊಂಡು ನಾಲ್ಕು ಸಾಲುಗಳನ್ನು ಖಾಲಿ ಬಿಡಿ. ಯಾರಿಗೆ? ಏನು ಕೊಟ್ಟರು ಅಥವಾ ಯಾರು ಏನನ್ನು ಸೇವಿಸಿದರು? ಯಾವುದಕ್ಕೆ ಹೋಲಿಸಿ? ಕೊನೆಯಲ್ಲಿ ಏನನ್ನು ಅಳೆದರು? ಯಾವ ಸುದ್ದಿ ಬಂದರೂ ಮೊದಲು ಈ ನಾಲ್ಕನ್ನು ತುಂಬಲು ಪ್ರಯತ್ನಿಸಿ. ಬಹುತೇಕ ಸಂದೇಶಗಳಲ್ಲಿ ಎರಡನೆಯ ಸಾಲು ಮಾತ್ರ ತುಂಬುತ್ತದೆ. ಮೂರನೆಯದು ಸಾಮಾನ್ಯವಾಗಿ ಖಾಲಿ ಉಳಿಯುತ್ತದೆ. ನನ್ನ ಅನುಭವದಲ್ಲಿ ಈ ಹಂತದಲ್ಲಿಯೇ ಬಂದ ಸುದ್ದಿಗಳಲ್ಲಿ ಮುಕ್ಕಾಲು ಪಾಲು ಜರಡಿಯಲ್ಲಿ ನಿಂತುಬಿಡುತ್ತವೆ, ಮುಂದಿನ ಶ್ರಮವೇ ಬೇಕಾಗುವುದಿಲ್ಲ.

ಹಾಳೆಯಲ್ಲಿ ನಾಲ್ಕೂ ತುಂಬುವಂತಿದ್ದರೆ ಮೂಲ ವರದಿಯನ್ನು ಹುಡುಕಬೇಕು. ಸುದ್ದಿಯಲ್ಲಿ ಸಂಶೋಧಕರ ಹೆಸರು, ಸಂಸ್ಥೆ, ಪತ್ರಿಕೆ, ವರ್ಷ ಇವುಗಳಲ್ಲಿ ಯಾವುದೂ ಇಲ್ಲದೆ ವಿಜ್ಞಾನಿಗಳು ಹೇಳಿದ್ದಾರೆ ಎಂದಷ್ಟೇ ಇದ್ದರೆ ಅದನ್ನು ಅಲ್ಲಿಗೇ ಬಿಡಬಹುದು. ಹೆಸರಿದ್ದರೆ ಪಬ್‌ಮೆಡ್ ಎಂಬ, ವೈದ್ಯಕೀಯ ಸಂಶೋಧನೆಗಳ ಉಚಿತ ಅಂತರ್ಜಾಲ ಸೂಚಿಯಲ್ಲಿ ಸಾರಾಂಶ ಸಿಗುತ್ತದೆ. ಅದು ಇಂಗ್ಲಿಷಿನಲ್ಲಿರುವುದು ನಮ್ಮ ಕಡೆಯ ಹಿರಿಯರಿಗೆ ತೊಡಕೇ ಸರಿ. ಆದರೆ ಸಾರಾಂಶದಲ್ಲಿ ಹುಡುಕಬೇಕಾದದ್ದು ಈ ನಾಲ್ಕು ಸಾಲುಗಳನ್ನೇ ಆದುದರಿಂದ, ಬಿ.ಎಸ್‌ಸಿ. ಓದುತ್ತಿರುವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅರ್ಧ ಗಂಟೆಯ ಕೆಲಸ. ಸಾರಾಂಶದ ಕೊನೆಯ ವಾಕ್ಯವನ್ನು ಮೊದಲು ಓದಬೇಡಿ. ಅಲ್ಲಿ ಸಂಶೋಧಕರ ಅಭಿಪ್ರಾಯವಿರುತ್ತದೆ. ಅದಕ್ಕಿಂತ ಮುಂಚಿನ ವಿಧಾನ ಮತ್ತು ಫಲಿತಾಂಶದ ಸಾಲುಗಳಲ್ಲಿ ಅವರು ನಿಜವಾಗಿ ಮಾಡಿದ್ದೇನು ಎಂಬುದಿರುತ್ತದೆ. ಇಲಿಗಳ ಮೇಲೆ ಅಥವಾ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಮಾಡಿದ ಪ್ರಯೋಗ, ಕನ್ನಡದ ಶೀರ್ಷಿಕೆಯಾಗುವ ಹೊತ್ತಿಗೆ ಮನುಷ್ಯರ ಮೇಲಿನ ಪ್ರಯೋಗವಾಗಿ ಬದಲಾಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಹಾಸನದ ಲೆಕ್ಕ

2025ರ ಜೂನ್, ಜುಲೈ ತಿಂಗಳುಗಳನ್ನು ಹಾಸನ ಜಿಲ್ಲೆಯವರು ಮರೆತಿರಲಾರರು. ಹೃದಯಾಘಾತದ ಸಾವುಗಳ ಸುದ್ದಿ ದಿನವೂ ಬರುತ್ತಿತ್ತು, ಟಿ.ವಿ. ಪರದೆಯ ಮೂಲೆಯಲ್ಲಿ ಸಂಖ್ಯೆ ಏರುತ್ತಿತ್ತು, ಸತ್ತವರಲ್ಲಿ ಚಿಕ್ಕ ವಯಸ್ಸಿನವರಿದ್ದದ್ದು ಎಲ್ಲರ ಎದೆಯನ್ನೂ ಝಲ್ಲೆನಿಸುತ್ತಿತ್ತು. ಜನ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದ ಸಾಲು ನಿಂತರು. ಕೆಲವರು ಕೋವಿಡ್ ಲಸಿಕೆಯನ್ನು, ಕೆಲವರು ಆಹಾರವನ್ನು, ಕೆಲವರು ಇನ್ನೇನನ್ನೋ ದೂರಿದರು. ಕಾರಣ ಹುಡುಕುವ ಆ ಗದ್ದಲದಲ್ಲಿ, ಕಾರಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಹಿಂದೆ ಬಿತ್ತು: ಸಾವುಗಳು ನಿಜವಾಗಿ ಹೆಚ್ಚಿವೆಯೇ?

ಇದಕ್ಕೆ ಉತ್ತರ ಬೇಕಾದರೆ ಒಟ್ಟು ಜನರ ಸಂಖ್ಯೆ ಬೇಕು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17,76,421. ವರ್ಷಕ್ಕೆ ಸಾವಿರ ಜನರಲ್ಲಿ ಆರರಿಂದ ಏಳು ಮಂದಿ ಸಾಯುತ್ತಾರೆ ಎಂದು ಹಿಡಿದರೆ, ಜಿಲ್ಲೆಯಲ್ಲಿ ಯಾವ ವಿಶೇಷ ಕಾರಣವೂ ಇಲ್ಲದ ಸಾಧಾರಣ ತಿಂಗಳೊಂದರಲ್ಲಿಯೇ ಸುಮಾರು 900ರಿಂದ 1,000 ಸಾವುಗಳಾಗುತ್ತವೆ. ದೇಶದಲ್ಲಿ 2016ರಲ್ಲಿ ಸಂಭವಿಸಿದ ಸಾವುಗಳಲ್ಲಿ ಶೇಕಡ 28ರಷ್ಟಕ್ಕೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆಗಳು ಕಾರಣವೆಂದು ಅಂದಾಜಾಗಿತ್ತು. ಪಾರ್ಶ್ವವಾಯುವೂ ಅದರಲ್ಲಿ ಸೇರಿದೆ. ಆ ಪ್ರಮಾಣವನ್ನು ಇಲ್ಲಿಗೆ ಹಚ್ಚಿದರೆ ತಿಂಗಳಿಗೆ 250ಕ್ಕೂ ಹೆಚ್ಚು ಸಾವುಗಳು ಈ ಕಾಯಿಲೆಗಳಿಂದಲೇ ಆಗುತ್ತಿರಬೇಕು. ಅವುಗಳಲ್ಲಿ ಇಪ್ಪತ್ತು, ಇಪ್ಪತ್ತೈದು ಸುದ್ದಿಯಾದರೆ, ಹೆಚ್ಚಿದ್ದು ಸಾವೋ ಸುದ್ದಿಯೋ ಎಂದು ಆ ಸಂಖ್ಯೆಯಿಂದ ಹೇಳಲಾಗದು. ಇದು ಬೆರಳೆಣಿಕೆಯ ಒರಟು ಲೆಕ್ಕ. ಆದರೂ ಎರಡು ನಿಮಿಷದ ಈ ಲೆಕ್ಕವನ್ನು ಮಾಡದೆ ಎರಡು ತಿಂಗಳು ಹೆದರಿದೆವು ಎಂಬುದು ನನಗೆ ಇಂದಿಗೂ ಕಸಿವಿಸಿ ಉಂಟುಮಾಡುವ ಸಂಗತಿ.

ರಾಜ್ಯ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿಯನ್ನು ನೇಮಿಸಿತು. ಸುದ್ದಿಯಾದ 24 ಸಾವುಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲವೆಂದು ತಿಳಿಯಿತು. ಅಸಹಜ ಏರಿಕೆ ಕಂಡುಬಂದಿಲ್ಲವೆಂದು ಸಮಿತಿ ಹೇಳಿತು. ಆಸ್ಪತ್ರೆಯ ಮುಂದಿನ ಜನಸಂದಣಿಯನ್ನು ಕಾಯಿಲೆ ಹೆಚ್ಚಿದ್ದಕ್ಕೆ ಸಾಕ್ಷಿಯಾಗಿ ತೋರಿಸಿದವರೂ ಇದ್ದರು. ಆದರೆ ಹೆದರಿಕೆಯಿಂದ ಪರೀಕ್ಷೆಗೆ ಬಂದವರನ್ನು ಎಣಿಸಿದರೆ ಅಳತೆಗೆ ಸಿಗುವುದು ಹೆದರಿಕೆಯೇ ಹೊರತು ಕಾಯಿಲೆಯಲ್ಲ.

ಹಾಗೆಂದು ಆತಂಕ ಪೂರ್ತಿ ಬುಡವಿಲ್ಲದ್ದು ಎಂದೂ ಹೇಳುವಂತಿಲ್ಲ. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರ ದೇಶಗಳವರಿಗಿಂತ ಸುಮಾರು ಆರು ವರ್ಷ ಮೊದಲೇ, ಸರಾಸರಿ 53ರ ವಯಸ್ಸಿನಲ್ಲಿ ಆಗುತ್ತದೆ ಎಂದು 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ ತೋರಿಸಿತ್ತು. ಚಿಕ್ಕ ವಯಸ್ಸಿನ ಸಾವುಗಳು ಹೆಚ್ಚಿವೆಯೇ ಎಂಬುದು ಬೇರೆಯೇ ಪ್ರಶ್ನೆ; ಅದಕ್ಕೆ ಹಿಂದಿನ ವರ್ಷಗಳ ಅದೇ ತಿಂಗಳುಗಳಲ್ಲಿ ಅದೇ ವಯಸ್ಸಿನವರ ಸಾವಿನ ಎಣಿಕೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಲಸಿಕೆಯ ಪ್ರಶ್ನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು 2023ರಲ್ಲಿ ಪ್ರಕಟವಾಗಿತ್ತು. 18ರಿಂದ 45 ವರ್ಷದೊಳಗಿನ, ಆರೋಗ್ಯವಾಗಿಯೇ ಇದ್ದು ಹಠಾತ್ತನೆ ತೀರಿಕೊಂಡ 729 ಮಂದಿಗೆ, ಅದೇ ವಯಸ್ಸಿನ, ಅದೇ ನೆರೆಹೊರೆಯ ತಲಾ ನಾಲ್ವರಂತೆ 2,916 ಮಂದಿಯನ್ನು ಹೋಲಿಸಿದರು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುಂಚಿನ 48 ಗಂಟೆಗಳಲ್ಲಿ ಮಿತಿಮೀರಿದ ಕುಡಿತ, ಮಾದಕ ವಸ್ತುಗಳ ಬಳಕೆ ಮತ್ತು ತೀವ್ರ ದೈಹಿಕ ಶ್ರಮ ಇವು ತೀರಿಕೊಂಡವರಲ್ಲಿ ಹೆಚ್ಚಾಗಿ ಕಂಡುಬಂದವು. ಎರಡು ಡೋಸ್ ಲಸಿಕೆ ಪಡೆದವರಲ್ಲಿ ಅಪಾಯ ಹೆಚ್ಚುವುದಿರಲಿ, ಕಡಿಮೆಯೇ ಕಂಡಿತು. ಇಲ್ಲಿಯೂ ಎಚ್ಚರ ಬೇಕು. ಲಸಿಕೆ ಹಠಾತ್ ಸಾವನ್ನು ಹೆಚ್ಚಿಸುತ್ತದೆ ಎಂಬ ಮಾತಿಗೆ ಇದು ಬಲವಾದ ವಿರೋಧ ಸಾಕ್ಷ್ಯ. ಆದರೆ ಲಸಿಕೆಯೇ ಅಂಥ ಸಾವನ್ನು ತಡೆಯಿತು ಎನ್ನಲು ಇದೊಂದೇ ಸಾಲದು, ಏಕೆಂದರೆ ಎರಡೂ ಡೋಸ್ ತೆಗೆದುಕೊಂಡವರು ಬೇರೆ ವಿಷಯಗಳಲ್ಲಿಯೂ ಆರೋಗ್ಯದ ಬಗ್ಗೆ ಹೆಚ್ಚು ಜಾಗ್ರತೆ ಉಳ್ಳವರಾಗಿರಬಹುದು.

ಪಕ್ಕದ ಸಾಲು ಎಂಥದ್ದು?

ಹೋಲಿಕೆ ಇದ್ದರೆ ಸಾಲದು, ಹೋಲಿಕೆಯ ಸಾಲು ಸರಿಯಾಗಿರಬೇಕು. ಇದಕ್ಕೆ ಕಾಫಿಯ ಉದಾಹರಣೆಯೇ ಇದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಬ್ರಯಾನ್ ಮ್ಯಾಕ್‌ಮಹೊನ್ ಮತ್ತು ಸಂಗಡಿಗರು 1981ರಲ್ಲಿ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇದ್ದ 369 ರೋಗಿಗಳನ್ನು ಅದೇ ಆಸ್ಪತ್ರೆಗಳ 644 ಬೇರೆ ರೋಗಿಗಳೊಂದಿಗೆ ಹೋಲಿಸಿ, ಕ್ಯಾನ್ಸರ್ ಇದ್ದವರು ಹೆಚ್ಚು ಕಾಫಿ ಕುಡಿಯುತ್ತಿದ್ದರೆಂದು ವರದಿ ಮಾಡಿದರು. ಕಾಫಿ ಕ್ಯಾನ್ಸರ್ ತರುತ್ತದೆ ಎಂಬ ಸುದ್ದಿ ಜಗತ್ತಿಡೀ ಹಬ್ಬಿತು. ಆದರೆ ಹೋಲಿಕೆಗೆ ತೆಗೆದುಕೊಂಡವರು ಯಾರು? ಕ್ಯಾನ್ಸರ್ ರೋಗಿಗಳನ್ನು ನೋಡುತ್ತಿದ್ದ ವೈದ್ಯರೇ ನೋಡುತ್ತಿದ್ದ ಇತರ ರೋಗಿಗಳು. ಅವರಲ್ಲಿ ಬಹಳ ಮಂದಿಗೆ ಹೊಟ್ಟೆ ಮತ್ತು ಕರುಳಿನ ತೊಂದರೆ. ಹೊಟ್ಟೆ ಉರಿಯುವವರು ಕಾಫಿಯನ್ನು ತಾವಾಗಿಯೋ ವೈದ್ಯರ ಮಾತಿನಿಂದಲೋ ಕಡಿಮೆ ಮಾಡಿರುತ್ತಾರೆ. ಹಾಗಾಗಿ ಕ್ಯಾನ್ಸರ್ ಇದ್ದವರು ಹೆಚ್ಚು ಕುಡಿಯುತ್ತಿದ್ದರೆಂಬುದಕ್ಕಿಂತ, ಪಕ್ಕದ ಸಾಲಿನವರು ಸಾಮಾನ್ಯ ಜನರಿಗಿಂತ ಕಡಿಮೆ ಕುಡಿಯುತ್ತಿದ್ದರು ಎಂಬ ಆಕ್ಷೇಪಕ್ಕೆ ಬಲ ಬಂತು. ಅದೇ ತಂಡ 1986ರಲ್ಲಿ ಮತ್ತೆ ಪರೀಕ್ಷಿಸಿದಾಗ ಆ ಸಂಬಂಧ ಹಿಂದಿನಂತೆ ಕಾಣಿಸಲಿಲ್ಲ. ಬಿಸಿಲಿಗೆ ಒಡ್ಡಿದ ಕಲ್ಲುನೆಲದ ಗಿಡಗಳ ಪಕ್ಕದಲ್ಲಿ ನೆರಳಿನ ಕಪ್ಪು ಮಣ್ಣಿನ ಗಿಡಗಳನ್ನಿಟ್ಟು ಗೊಬ್ಬರವನ್ನು ಹೊಗಳಿದರೆ ಹೇಗೋ, ಇದೂ ಹಾಗೆಯೇ.

ಈ ತೊಡಕಿನಿಂದ ಪಾರಾಗಲು ಇರುವ ಉಪಾಯ, ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ವೈದ್ಯರಿಗೂ ಬಿಡದೆ, ರೋಗಿಗೂ ಬಿಡದೆ, ಚೀಟಿ ಎತ್ತಿದಂತೆ ನಿರ್ಧರಿಸುವುದು. ಆಗ ವಯಸ್ಸು, ಬಡತನ, ಕುಡಿತ, ಜಾಗ್ರತೆ ಎಲ್ಲವೂ, ನಮಗೆ ಗೊತ್ತಿಲ್ಲದ ಕಾರಣಗಳೂ ಸೇರಿ, ಎರಡೂ ಗುಂಪುಗಳಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ಇದಕ್ಕೆ ಯಾದೃಚ್ಛಿಕ ಪ್ರಯೋಗವೆಂದು ಹೆಸರು. ಅದು ಪರದೇಶದ ವಿದ್ಯೆ ಎಂದುಕೊಳ್ಳಬೇಕಿಲ್ಲ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಕೇಂದ್ರ, ಕ್ಷಯರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಕ್ಷಯರೋಗಿಗಳ ವಸತಿ ಆಸ್ಪತ್ರೆಯಾದ ಸ್ಯಾನಿಟೋರಿಯಮ್ಮಿನಲ್ಲಿ ಒಳ್ಳೆಯ ಊಟ ಮತ್ತು ವಿಶ್ರಾಂತಿಯೊಡನೆ, ಇನ್ನೊಂದು ಪಾಲಿಗೆ ಅವರ ಇಕ್ಕಟ್ಟಾದ ಮನೆಗಳಲ್ಲಿಯೇ, ಅದೇ ಔಷಧಿಗಳನ್ನು ಕೊಟ್ಟಿತು. 1959ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮನೆಯಲ್ಲಿದ್ದವರೂ ಸ್ಯಾನಿಟೋರಿಯಮ್ಮಿನವರಷ್ಟೇ ಗುಣ ಕಂಡರು, ಮನೆಯವರಿಗೆ ಸೋಂಕು ಹೆಚ್ಚಾಗಿ ಹರಡಲೂ ಇಲ್ಲ. ಕ್ಷಯವೆಂದರೆ ಬೆಟ್ಟದ ಗಾಳಿ, ಹಾಲು, ಮೊಟ್ಟೆ ಎಂದು ನಂಬಿದ್ದ ಕಾಲವದು. ಇಂದು ಜಗತ್ತಿನಾದ್ಯಂತ ಕ್ಷಯರೋಗಿಗಳು ಮನೆಯಲ್ಲಿದ್ದೇ ಮಾತ್ರೆ ನುಂಗುತ್ತಿರುವುದರ ಹಿಂದೆ ಈ ಪ್ರಯೋಗವಿದೆ.

ಆದರೆ ಎಲ್ಲ ಪ್ರಶ್ನೆಗಳಿಗೂ ಚೀಟಿ ಎತ್ತಲಾಗದು. ಸಿಗರೇಟು ಸೇದಿ ಎಂದು ಯಾರಿಗೂ ಚೀಟಿ ಕೊಡುವಂತಿಲ್ಲ. ಅಂಥ ಕಡೆ, ಜನ ತಾವಾಗಿಯೇ ಮಾಡುವುದನ್ನು ಗಮನಿಸಿ ದಾಖಲಿಸುವ ಅವಲೋಕನೆಯ ಅಧ್ಯಯನಗಳನ್ನೇ ನಂಬಬೇಕು. ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವಿಧಾನಗಳಲ್ಲಿ, ಬೇರೆ ಬೇರೆ ತಂಡಗಳು ಮಾಡಿದ ಅಧ್ಯಯನಗಳು ಒಂದೇ ಕಡೆ ಬೆರಳು ತೋರಿಸುತ್ತಿವೆಯೇ, ಸೇದಿದಷ್ಟೂ ಅಪಾಯ ಏರುತ್ತದೆಯೇ, ಬಿಟ್ಟರೆ ಇಳಿಯುತ್ತದೆಯೇ ಎಂದು ನೋಡಬೇಕು.

ಅಳೆದದ್ದು ಏನನ್ನು?

ಹಾಳೆಯ ನಾಲ್ಕನೆಯ ಸಾಲಿಗೆ ಡೆಂಗಿಗಿಂತ ಒಳ್ಳೆಯ ಪಾಠವಿಲ್ಲ. ಮಳೆಗಾಲ ಬಂತೆಂದರೆ ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳಲ್ಲಿ ಪರಂಗಿ ಎಲೆಯ ರಸದ ಮಾತು ಶುರುವಾಗುತ್ತದೆ. ರಸ ಕುಡಿಸಿದ ಮೂರನೆಯ ದಿನಕ್ಕೆ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳ ಎಣಿಕೆ) ಏರಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ, ಏರಿದ್ದು ನಿಜ. ಆದರೆ ಡೆಂಗಿಯಲ್ಲಿ ಜ್ವರ ಬಿಡುವ ಹೊತ್ತಿಗೆ ಪ್ಲೇಟ್‌ಲೆಟ್ ತೀರ ಕೆಳಗಿಳಿದು, ಅಪಾಯದ ಒಂದೆರಡು ದಿನ ಕಳೆದ ಮೇಲೆ, ಬಹುತೇಕ ರೋಗಿಗಳಲ್ಲಿ ತಾನಾಗಿಯೇ ಏರುತ್ತದೆ. ಮನೆಯವರು ಗಾಬರಿಯಾಗಿ ರಸ ಕುಡಿಸುವುದು ಅದು ತೀರ ಇಳಿದ ದಿನದಂದೇ ಅಲ್ಲವೇ? ಆಗ ಏನನ್ನು ಕುಡಿಸಿದರೂ ಮಾರನೆಯ ದಿನಗಳ ಏರಿಕೆಯ ಕೀರ್ತಿ ಅದಕ್ಕೇ ಸಲ್ಲುತ್ತದೆ. ಆರೋಗ್ಯ ಶಿಬಿರದಲ್ಲಿ ಒಮ್ಮೆ ಬಿ.ಪಿ. ಹೆಚ್ಚು ತೋರಿಸಿ, ವಾರದ ನಂತರ ಕಷಾಯದ ದೆಸೆಯಿಂದ ಇಳಿಯಿತು ಎನ್ನುವುದರಲ್ಲಿಯೂ ಇದೇ ಅಡಗಿದೆ. ತೀರ ಮೇಲೇರಿದ ಅಳತೆ ಮುಂದಿನ ಸಲ ಸಾಮಾನ್ಯವಾಗಿ ಸರಾಸರಿಯ ಕಡೆಗೆ ಮರಳುತ್ತದೆ.

ರಸದಿಂದ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರುತ್ತದೆಂದು ತೋರಿಸಿದ ಸಣ್ಣ ಪ್ರಯೋಗಗಳು ಇವೆ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಅಲ್ಲಿಯೂ ಉಳಿಯುವ ಪ್ರಶ್ನೆ: ರೋಗಿಗೆ ಬೇಕಾದದ್ದು ಪ್ರಯೋಗಾಲಯದ ಚೀಟಿಯಲ್ಲಿನ ಅಂಕಿಯೋ, ರಕ್ತಸ್ರಾವವಾಗದೆ ಬದುಕಿ ಮನೆಗೆ ಬರುವುದೋ? ಎರಡೂ ಒಂದೇ ಅಲ್ಲವೆಂಬುದಕ್ಕೆ ಸಿಂಗಪುರ ಮತ್ತು ಮಲೇಷ್ಯಾಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದು ಸಾಕ್ಷಿ. ಪ್ಲೇಟ್‌ಲೆಟ್ 20,000ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದಿದ್ದರೂ ರಕ್ತಸ್ರಾವವಿಲ್ಲದಿದ್ದ 372 ವಯಸ್ಕ ಡೆಂಗಿ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮುನ್ನೆಚ್ಚರಿಕೆಯಾಗಿ, ದಾನಿಗಳ ರಕ್ತದಿಂದ ತೆಗೆದ ಪ್ಲೇಟ್‌ಲೆಟ್ಟನ್ನೇ ಏರಿಸಿ ನೋಡಿದರು. ರಕ್ತಸ್ರಾವವಾದದ್ದು ಏರಿಸಿಕೊಂಡವರಲ್ಲಿ ಶೇಕಡ 21, ಏರಿಸಿಕೊಳ್ಳದವರಲ್ಲಿ ಶೇಕಡ 26. ಆಕಸ್ಮಿಕವಾಗಿಯೂ ಬರಬಹುದಾದಷ್ಟೇ ವ್ಯತ್ಯಾಸ. ಅಡ್ಡಪರಿಣಾಮಗಳು ಮಾತ್ರ ಏರಿಸಿಕೊಂಡವರಲ್ಲಿ ಹೆಚ್ಚು. ಅಂಕಿಯನ್ನು ಸರಿಪಡಿಸಿದರೆ ಮನುಷ್ಯ ಸರಿಹೋಗುತ್ತಾನೆ ಎಂಬ ನಂಬಿಕೆ ವೈದ್ಯರನ್ನೂ ಬಿಟ್ಟಿಲ್ಲ. ಹೃದಯಾಘಾತವಾದವರ ಎದೆಬಡಿತದ ಏರುಪೇರನ್ನು ಚೆನ್ನಾಗಿ ಹತೋಟಿಗೆ ತರುತ್ತಿದ್ದ ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಿಗಳನ್ನು ಚೀಟಿ ಎತ್ತಿ ಪರೀಕ್ಷಿಸಿದಾಗ, ಔಷಧಿ ತೆಗೆದುಕೊಂಡವರಲ್ಲಿಯೇ ಸಾವು ಹೆಚ್ಚೆಂದು 1989ರಲ್ಲಿ ತಿಳಿಯಿತು.

ಶೇಕಡಾವಾರಿನ ಹಿಂದೆ

ಋತುಬಂಧದ ನಂತರ ಹಾರ್ಮೋನು ತೆಗೆದುಕೊಳ್ಳುವ ಮಹಿಳೆಯರಿಗೆ ಹೃದ್ರೋಗ ಕಡಿಮೆ ಎಂದು ಅವಲೋಕನೆಯ ಅಧ್ಯಯನಗಳು ವರ್ಷಗಟ್ಟಲೆ ಹೇಳಿದ್ದವು. ಅಮೆರಿಕದಲ್ಲಿ 16,608 ಮಹಿಳೆಯರ ಮೇಲೆ ನಡೆದ ಯಾದೃಚ್ಛಿಕ ಪ್ರಯೋಗ 2002ರಲ್ಲಿ ಇದನ್ನು ತಿರುಗಿಸಿ ಹಾಕಿತು: ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ತೆಗೆದುಕೊಂಡವರಲ್ಲಿ ಹೃದಯದ ತೊಂದರೆ ಶೇಕಡ 29ರಷ್ಟು ಹೆಚ್ಚು. ಈ ಶೇಕಡ 29 ಎಂಬುದು ಎಷ್ಟು ದೊಡ್ಡದು? ವರ್ಷಕ್ಕೆ ಹತ್ತು ಸಾವಿರ ಮಹಿಳೆಯರಲ್ಲಿ 30 ಇದ್ದದ್ದು 37 ಆಯಿತು, ಅಂದರೆ ಏಳು ಹೆಚ್ಚು. ಎರಡೂ ಒಂದೇ ಸತ್ಯ (ವಯಸ್ಸು ಮೊದಲಾದವನ್ನು ಸರಿದೂಗಿಸಿದ ಲೆಕ್ಕವಾದ್ದರಿಂದ 29 ಎಂಬುದು 30ರಿಂದ 37ರ ನೇರ ಶೇಕಡಾವಾರಿಗಿಂತ ಸ್ವಲ್ಪ ಹೆಚ್ಚು). ಶೀರ್ಷಿಕೆಗೆ ಮೊದಲನೆಯದು ಬೇಕು, ನಿರ್ಧಾರ ತೆಗೆದುಕೊಳ್ಳುವ ಮಹಿಳೆಗೆ ಎರಡನೆಯದು ಬೇಕು. ಆದ್ದರಿಂದ ಅಪಾಯ ದುಪ್ಪಟ್ಟಾಯಿತು, ಅರ್ಧವಾಯಿತು ಎಂಬ ಮಾತು ಕಂಡೊಡನೆ, ಎಷ್ಟರಿಂದ ಎಷ್ಟಕ್ಕೆ, ಎಷ್ಟು ಜನರಲ್ಲಿ, ಎಷ್ಟು ಕಾಲದಲ್ಲಿ ಎಂದು ಹಾಳೆಯ ಹಿಂಬದಿಗೆ ಬರೆದುಕೊಳ್ಳಿ.

ಇನ್ನು ಅಂದಾಜಿನ ಅಗಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಾಡಂಚಿನವರಿಗೆ ಮಂಗನ ಕಾಯಿಲೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ, ಉಣ್ಣೆ (ಉಣುಗು) ಹುಳುಗಳಿಂದ ಹರಡುವ ಜ್ವರವದು. ಅದಕ್ಕೆ ಕೊಡುತ್ತಿದ್ದ ಲಸಿಕೆಯನ್ನು 2005ರಿಂದ 2010ರವರೆಗಿನ ದಾಖಲೆಗಳಿಂದ ಅಳೆದಾಗ, ಎರಡು ಡೋಸ್ ಪಡೆದವರಲ್ಲಿ ರಕ್ಷಣೆ ಶೇಕಡ 62.4 ಎಂದೂ, ಬೂಸ್ಟರ್ ಕೂಡ ಪಡೆದವರಲ್ಲಿ ಶೇಕಡ 82.9 ಎಂದೂ ಬಂತು. ಸಾರಾಂಶದಲ್ಲಿ ಈ ಅಂಕಿಗಳ ಪಕ್ಕದಲ್ಲಿಯೇ ಆವರಣದೊಳಗೆ ಇನ್ನೆರಡು ಅಂಕಿಗಳಿದ್ದವು: ಮೊದಲನೆಯದಕ್ಕೆ 26.1ರಿಂದ 80.8, ಎರಡನೆಯದಕ್ಕೆ 71.3ರಿಂದ 89.8. ಸಿಕ್ಕ ಮಾಹಿತಿಯ ಮಟ್ಟಿಗೆ ನಿಜವಾದ ರಕ್ಷಣೆ ಈ ಎಲ್ಲೆಗಳ ನಡುವೆ ಎಲ್ಲಿಯಾದರೂ ಇರಬಹುದು ಎಂದು ಅದರ ಸ್ಥೂಲ ಅರ್ಥ. ಎರಡು ಡೋಸಿನ ರಕ್ಷಣೆ ನಾಲ್ಕರಲ್ಲಿ ಒಂದರಷ್ಟೂ ಇರಬಹುದು, ಐದರಲ್ಲಿ ನಾಲ್ಕರಷ್ಟೂ ಇರಬಹುದು. ಅಷ್ಟು ಅಗಲದ ಅಂದಾಜನ್ನು 62.4 ಎಂಬ ಒಂದೇ ಅಂಕಿಯಾಗಿ ಹಿಡಿದುಕೊಳ್ಳುವುದು ಸರಿಯಲ್ಲ. ಜೊತೆಗೆ, ಬೂಸ್ಟರಿನವರೆಗೂ ಹೋದವರು ಉಣ್ಣೆ ಕಚ್ಚದಂತೆ ಮೈಗೆ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಹೋಗುವ ಜಾಗ್ರತೆಯವರೂ ಆಗಿದ್ದರೇ ಎಂಬ ಹಳೆಯ ಪ್ರಶ್ನೆ ಇಲ್ಲಿಯೂ ಇದೆ. ಆ ಲಸಿಕೆಯ ಬಳಕೆ 2022ರಲ್ಲಿ ನಿಂತಿತು.

ಹಣದ ಮಾತನ್ನು ಚಿಕ್ಕದಾಗಿ ಮುಗಿಸುತ್ತೇನೆ, ಏಕೆಂದರೆ ಹಣ ಕೊಟ್ಟವರು ಯಾರೆಂದು ನೋಡಿದೊಡನೆ ಪರೀಕ್ಷೆ ಮುಗಿಯಿತೆಂದು ತಿಳಿಯುವವರು ಬಹಳ. ಕಂಪನಿಯ ಹಣದಿಂದ ನಡೆದ ಪ್ರಯೋಗ ಸುಳ್ಳಾಗಬೇಕಿಲ್ಲ, ಸರ್ಕಾರದ ಹಣದ್ದು ನಿಜವಾಗಬೇಕಿಲ್ಲ. ಅದಕ್ಕಿಂತ ಉಪಯುಕ್ತವಾದದ್ದು, ಪ್ರಯೋಗ ಶುರುವಾಗುವ ಮೊದಲೇ ಅದನ್ನು ನೋಂದಾಯಿಸಿದ್ದರೇ ಎಂದು ನೋಡುವುದು. ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ 2007ರಲ್ಲಿ ಆರಂಭವಾಗಿ 2009ರ ಜೂನ್‌ನಿಂದ ಕಡ್ಡಾಯವಾಯಿತು. ಅದನ್ನು ಯಾರು ಬೇಕಾದರೂ ತೆರೆದು ಓದಬಹುದು. ಏನನ್ನು ಅಳೆಯುತ್ತೇವೆಂದು ಅಲ್ಲಿ ಮೊದಲೇ ಬರೆದಿರುತ್ತಾರೆ. ವರದಿಯಲ್ಲಿ ಬೇರೇನನ್ನೋ ಅಳೆದು ಗೆದ್ದೆವೆಂದಿದ್ದರೆ, ಬಾಣ ಬಿಟ್ಟ ಮೇಲೆ ಗುರಿ ಬರೆದಂತಾಯಿತು. ಜಾಹೀರಾತುಗಳ ವಿಷಯದಲ್ಲಿ ಇಷ್ಟೂ ಬೇಕಿಲ್ಲ: ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮೊದಲಾದ ಪಟ್ಟಿ ಮಾಡಿದ ಕಾಯಿಲೆಗಳನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನೇ 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ.

ಒಂದು ಅಧ್ಯಯನ ಎಷ್ಟೇ ಚೆನ್ನಾಗಿದ್ದರೂ ಅದು ಒಂದು ವರ್ಷದ ಒಂದು ಕೊಯ್ಲು. ಅದೇ ಪ್ರಶ್ನೆಯ ಮೇಲಿನ ಎಲ್ಲ ಪ್ರಯೋಗಗಳನ್ನೂ ಒಟ್ಟುಗೂಡಿಸಿ ತೂಗುವ ಸಮೀಕ್ಷೆ ಇದೆಯೇ ಎಂದು ಹುಡುಕಿ. 1993ರಲ್ಲಿ ಹುಟ್ಟಿದ ಕಾಕ್ರೇನ್ ಸಂಸ್ಥೆ ಇಂಥವನ್ನೇ ಮಾಡುತ್ತದೆ, ಸಾಮಾನ್ಯರಿಗಾಗಿ ಸರಳ ಸಾರಾಂಶವನ್ನೂ ಕೊಡುತ್ತದೆ. ತುಂಬಿದ ಹಾಳೆಯನ್ನು ನಿಮ್ಮ ವೈದ್ಯರ ಬಳಿಗೆ ಒಯ್ಯುವುದಾದರೆ, ಹೀಗಂತೆ ಎಂದು ವಾದಕ್ಕಿಳಿಯುವ ಬದಲು, ಡಾಕ್ಟರೇ, ಈ ಅಧ್ಯಯನದಲ್ಲಿದ್ದವರು ನನ್ನಂಥವರೇ, ನನ್ನ ವಯಸ್ಸಿಗೆ, ನನ್ನ ಕಿಡ್ನಿಯ ಸ್ಥಿತಿಗೆ ಇದು ಹೊಂದುತ್ತದೆಯೇ ಎಂದು ಕೇಳಿ. ಹಾಳೆ ಏನೇ ಹೇಳಿದರೂ, ಅವರನ್ನು ಕೇಳದೆ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನಿಲ್ಲಿಸಬೇಡಿ.

ಕಾಫಿಗೊಂದು ತಕ್ಕಡಿ, ಅಡಿಕೆಗೊಂದು ತಕ್ಕಡಿ

ಈ ವಿದ್ಯೆಯಲ್ಲಿ ನನಗೆ ಅತ್ಯಂತ ಕಷ್ಟವಾದದ್ದನ್ನು ಕೊನೆಗೆ ಇಟ್ಟಿದ್ದೇನೆ. ದಿನಕ್ಕೆ ಮೂರು ನಾಲ್ಕು ಲೋಟ ಕಾಫಿ ಕುಡಿಯುವವರು ಹೆಚ್ಚು ಕಾಲ ಬದುಕುತ್ತಾರೆ ಎಂಬ ಸುದ್ದಿ ಬಂದಾಗ ನಮ್ಮ ಕಡೆಯ ಎಲ್ಲ ಗುಂಪುಗಳಲ್ಲಿಯೂ ಅದು ಹರಿದಾಡಿತು, ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಅದರ ಹಿಂದಿದ್ದದ್ದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ದೊಡ್ಡ ಸಮೀಕ್ಷೆ. ಅದು ಒಟ್ಟುಗೂಡಿಸಿದ 201 ವಿಶ್ಲೇಷಣೆಗಳು ಅವಲೋಕನೆಯ ಅಧ್ಯಯನಗಳವು, ಪ್ರಯೋಗಗಳವು 17 ಮಾತ್ರ. ಗರ್ಭಿಣಿಯರಿಗೆ ಹಾನಿಯ ಸೂಚನೆಗಳಿವೆ ಎಂಬ ಮಾತೂ ಅದರಲ್ಲಿತ್ತು. ನಾವು ಹಂಚಿಕೊಂಡ ಸಂದೇಶದಲ್ಲಿ ಇರಲಿಲ್ಲ. ಚಿಕೋರಿ ಬೆರೆಸಿ, ಹಾಲು ಸಕ್ಕರೆ ಸುರಿದು ಕುಡಿಯುವ ನಮ್ಮ ಲೋಟಕ್ಕೂ ಅಲ್ಲಿನ ಕಪ್ಪಿಗೂ ಇರುವ ಅಂತರವನ್ನು ಯಾರೂ ಕೇಳಲಿಲ್ಲ.

ಅಡಿಕೆಯ ವಿಷಯ ಬಂದಾಗ ಅದೇ ನಾವು ಮಹಾ ವಿಮರ್ಶಕರಾಗುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದು ತಂಬಾಕು ಬೆರೆತ ಗುಟ್ಕಾದ ದೋಷ, ಅಡಿಕೆಯದ್ದಲ್ಲ ಎಂಬ ನಮ್ಮ ಆಕ್ಷೇಪ ತರ್ಕದ ದೃಷ್ಟಿಯಿಂದ ಒಳ್ಳೆಯ ಆಕ್ಷೇಪವೇ. ತಂಬಾಕು ಹಾಕದ ಸಾಲು ಎಲ್ಲಿ ಎಂದು ಕೇಳಿದಂತೆ. 1985ರಲ್ಲಿ ಅದೇ ಸಂಸ್ಥೆ ತಂಬಾಕಿಲ್ಲದ ಎಲೆಯಡಿಕೆಯ ಬಗ್ಗೆ ಸಾಕಷ್ಟು ಸಾಕ್ಷ್ಯವಿಲ್ಲವೆಂದೇ ಹೇಳಿತ್ತು. ಆಮೇಲೆ ಆ ಸಾಲು ಸಿಕ್ಕಿತು: ತೈವಾನಿನಲ್ಲಿ ಅಡಿಕೆಯನ್ನು ತಂಬಾಕಿಲ್ಲದೆಯೇ ಜಗಿಯುತ್ತಾರೆ, ಅಲ್ಲಿಯ ಜಗಿಯುವವರಲ್ಲಿಯೂ ಬಾಯಿಯ ಕ್ಯಾನ್ಸರ್ ಹೆಚ್ಚು ಕಂಡಿತು. ನಮ್ಮ ಪ್ರಶ್ನೆಗೆ ಉತ್ತರ ಬಂದ ಮೇಲೂ ಅದೇ ಪ್ರಶ್ನೆಯನ್ನು ಕೇಳುತ್ತಿದ್ದರೆ ಅದು ವಿಮರ್ಶೆಯಲ್ಲ. ಹಾಗೆಯೇ, ಆ ಗುಂಪುಗಳ ಅರ್ಥವನ್ನು ತಪ್ಪಾಗಿ ಓದಬಾರದು. ಸಾಕ್ಷ್ಯ ಎಷ್ಟು ಖಚಿತ ಎಂಬುದನ್ನು ಗುಂಪು ಹೇಳುತ್ತದೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ತಂಬಾಕಿನ ಹೊಗೆಯೂ ಸಂಸ್ಕರಿಸಿದ ಮಾಂಸವೂ ಒಂದೇ ಗುಂಪಿನಲ್ಲಿವೆ. ಕಾಫಿಯನ್ನೇ ಆ ಸಂಸ್ಥೆ 1991ರಲ್ಲಿ ಮೂತ್ರಕೋಶದ ಕ್ಯಾನ್ಸರಿನ ಸಂಶಯದ ಮೇಲೆ ಒಂದು ಗುಂಪಿನಲ್ಲಿಟ್ಟು, 2016ರಲ್ಲಿ ಅಲ್ಲಿಂದ ತೆಗೆಯಿತು. ಅದೇ ವರ್ಷ 65 ಡಿಗ್ರಿಗಿಂತ ಬಿಸಿಯಾದ ಯಾವುದೇ ಪಾನೀಯವನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂದಿತು.

ಆದ್ದರಿಂದ ನಾನು ಈಗ ಅನುಸರಿಸುವ ಕ್ರಮ ಇದು. ಕಾಫಿಯ ಸುದ್ದಿಯ ಹಾಳೆಯನ್ನು ಕಾಫಿ ಬೆಳೆಯದವರಿಂದ, ಅಡಿಕೆಯ ಸುದ್ದಿಯ ಹಾಳೆಯನ್ನು ಅಡಿಕೆ ಬೆಳೆಯದವರಿಂದ ತುಂಬಿಸುತ್ತೇನೆ. ಎರಡಕ್ಕೂ ಒದಗುವವರು ಅರಸೀಕೆರೆಯ ಕಡೆ ತೆಂಗು ಇಟ್ಟಿರುವ ನಮ್ಮ ಭಾವನವರು. ಕೊಬ್ಬರಿ ಎಣ್ಣೆಯ ಹಾಳೆಯನ್ನು ಮಾತ್ರ ಅವರಿಗೆ ಕೊಡುವುದಿಲ್ಲ.